ಕೆಂಪು ಚುಕ್ಕೆಯ ಸೆಲ್ಲುಗಳು

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರಲ್ಲಿ ಕೊನೆಯವರೂ ಹಿಂದಿನ ಸಂಜೆ ಹೊರಟುಹೋಗಿದ್ದರು. ಆ ಬೆಳಿಗ್ಗೆ ಅವಳಿಗೆ ಬೇಕಿದ್ದದ್ದು ಇಷ್ಟೇ: ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ಜೋರಾಗಿ ಬಿಟ್ಟುಕೊಂಡು, ಬಿಸಿನೀರಿನಡಿ ಒಂದಷ್ಟು ಹೊತ್ತು ಒಬ್ಬಳೇ ಕೂರುವುದು. ಗಂಡ ತೀರಿಕೊಂಡಾಗಿನಿಂದ ಅವಳ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ಬಂದವರೆಲ್ಲ ತಡವಾದ ಬಸ್ಸಿಗೆ ಕಾಯುವವರಂತೆ ಅವಳ ಮುಖವನ್ನೇ ನೋಡುತ್ತ ಕೂತಿದ್ದರು. ಹಾಗೆ ಕಾಯುವವರೆದುರು ಅಳುವುದಾದರೂ ಹೇಗೆ? ನೀರಿನ ಸದ್ದಿನಲ್ಲಾದರೆ ಅಳು ಬಂದೀತು ಅನ್ನಿಸಿತ್ತು.

ನಲ್ಲಿ ತಿರುಗಿಸಿದಳು. ಗ್ಯಾಸ್ ಗೀಸರು ಟಿಕ್ ಎನ್ನಲಿಲ್ಲ. ತಣ್ಣನೆಯ ನೀರು ದಾರದ ಎಳೆಯಂತೆ ಇಳಿಯಿತು.

ಗೀಸರು ಗಂಡನ ಖಾತೆ. ಅವಳು ಸ್ನಾನಕ್ಕೆ ಹೋದಾಗೆಲ್ಲ ಅವನು ಹೊರಗಿನಿಂದ ಕೂಗುತ್ತಿದ್ದ: "ಕಿಟಕಿ ತೆಗೆದಿದೀಯಾ?" ತೆಗೆದಿದ್ದರೂ ಅವಳು "ಇಲ್ಲ" ಎನ್ನುತ್ತಿದ್ದಳು, ಅವನು ಭಾಷಣ ಶುರು ಮಾಡಲಿ ಎಂದು.

"ನಗ್ತಿದೀಯ ಅಲ್ವಾ? ಗ್ಯಾಸ್ ಸರಿಯಾಗಿ ಉರೀದಿದ್ರೆ ಹುಟ್ಟೋ ವಿಷದ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆ ಬಂತೇನೋ ಅನ್ಕೋತೀಯ, ಅಷ್ಟೇ. ಉರಿ ನೀಲಿ ಇದ್ರೆ ಸರಿ. ಹಳದಿ ಕಂಡ್ರೆ ಆರಿಸಿ ಈಚೆ ಬಾ."

ಹತ್ತದಿದ್ದರೆ ಮೊದಲು ಸೆಲ್ ನೋಡಬೇಕು ಎಂದೂ ಅವನೇ ಹೇಳಿದ್ದ. ಗೀಸರಿನ ತಳದ ಪುಟ್ಟ ಮುಚ್ಚಳ ತೆರೆದಳು. ಎರಡು ದಪ್ಪ ಸೆಲ್ಲುಗಳು ಅಂಗೈಗೆ ಜಾರಿದವು. ಎರಡರ ಮೈಮೇಲೂ ಒಂದೊಂದು ಕೆಂಪು ಬಣ್ಣದ ಚುಕ್ಕೆ.

ಅವಳು ಅವನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಆ ಕಟ್ಟಡದಲ್ಲಿ ಕೆಂಪು ಚುಕ್ಕೆ ಇಡುವವರು ಒಬ್ಬರೇ: ಮೇಲ್ಮನೆಯಲ್ಲಿರುವ, ನಿವಾಸಿಗಳ ಸಂಘದ ಸೆಕ್ರೆಟರಿ. ಅವರ ಬಕೆಟ್ಟಿಗೆ ಚುಕ್ಕೆ, ಏಣಿಗೆ ಚುಕ್ಕೆ, ಛತ್ರಿಗೆ ಚುಕ್ಕೆ. ಸೆಕ್ರೆಟರಿ ತಮ್ಮ ಹೆಂಡತಿ ಅಲುಗಾಡದೆ ನಿಂತರೆ ಆಕೆಗೂ ಒಂದು ಇಟ್ಟಾರು ಎಂದು ಗಂಡ ನಗುತ್ತಿದ್ದ. ಒಂದು ಕಾಲಕ್ಕೆ ಬೆಳಗಾದರೆ ಸಾಕು, ಸೆಕ್ರೆಟರಿ ಬಾಲ್ಕನಿಯಲ್ಲಿ ನಿಂತು ಕೈ ಮೈಕು ಹಿಡಿದು ಊರಿಗೇ ಕೇಳುವಂತೆ ಪ್ರಕಟಣೆ ಕೊಡುತ್ತಿದ್ದರು: ಯಾರ ಸ್ಕೂಟರು ಅಡ್ಡ ನಿಂತಿದೆ, ಯಾರ ಮನೆಯ ನಲ್ಲಿ ಸೋರುತ್ತಿದೆ. ಒಂದು ದಿನ ಮೈಕಿನ ಸೆಲ್ಲುಗಳು ಮಾಯವಾದವು. ಕಳ್ಳ ಸಿಗುವವರೆಗೆ ಹೊಸದು ಹಾಕುವುದಿಲ್ಲವೆಂದು ಅವರು ಹಟ ಹಿಡಿದರು. ಅಂದಿನಿಂದ ಕಟ್ಟಡದ ಮಂದಿ ನೆಮ್ಮದಿಯಾಗಿ ಮಲಗಿದ್ದರು.

ಅದೇ ಸೆಕ್ರೆಟರಿ, ಅವಳ ಗಂಡನ ಶವದ ಮುಂದೆ ನಿಂತು, "ಬೇರೆಯವರ ಗುಂಡುಸೂಜಿ ಮುಟ್ಟಿದವನಲ್ಲ" ಎಂದು ಗದ್ಗದಿತರಾಗಿದ್ದರು.

ಸೆಲ್ಲುಗಳನ್ನು ಒಳಗೆ ತುರುಕಿ ಮುಚ್ಚಳ ಹಾಕುವಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಎದುರುಮನೆಯ ಹಲ್ಲಿನ ಡಾಕ್ಟರು.

"ಗೀಸರ್ ಹತ್ತಲಿಲ್ವೇನಮ್ಮ? ನಮ್ಮ ಗೋಡೆ ಆಚೆಗೇ ಅಲ್ವಾ, ಟಿಕ್ ಟಿಕ್ ಕೇಳಿಸಲಿಲ್ಲ. ಗಾಬರಿಯಾಯ್ತು. ನೀನೇನೂ ಯೋಚನೆ ಮಾಡ್ಬೇಡ, ಸೆಕ್ರೆಟರಿಗೂ ಹೇಳಿ ಬಂದಿದೀನಿ."

ಅವರ ಬೆನ್ನಿಗೇ ಸೆಕ್ರೆಟರಿ ಸ್ಪಾನರು ಹಿಡಿದು ಬಂದರು. ಸ್ಪಾನರಿಗೂ ಚುಕ್ಕೆ ಇತ್ತು. ಒಬ್ಬಳೇ ಕೂರಲು ಅವಳು ಬಯಸಿದ್ದ ಬಚ್ಚಲಿನಲ್ಲಿ ಈಗ ಮೂವರು ನಿಲ್ಲಲು ಜಾಗವಿರಲಿಲ್ಲ.

ಡಾಕ್ಟರು ಜೇಬಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದು ಗೀಸರಿನ ಕಿಂಡಿಯೊಳಗೆ ತೂರಿಸಿದರು. "ಹಿಂದುಗಡೆ ಕಪ್ಪು ಹಿಡಿದಿದೆ. ವರ್ಷಕ್ಕೊಂದು ಸಲ ಕ್ಲೀನ್ ಮಾಡಿಸ್ಬೇಕು. ಯಾರೂ ಮಾಡ್ಸಲ್ಲ. ನೋವು ಬಂದಾಗಲೇ ಓಡಿ ಬರೋದು."

"ನಿಮ್ಮ ಹಲ್ಲಿನ ಪುರಾಣ ಆಮೇಲೆ. ಇದು ಸೆಲ್ ಹೋಗಿರೋದು," ಎಂದು ಸೆಕ್ರೆಟರಿ ಮುಚ್ಚಳಕ್ಕೆ ಕೈ ಹಾಕಿದರು.

"ಬೇಡ," ಎಂದಳು ಅವಳು. ಇಬ್ಬರೂ ತಿರುಗಿ ನೋಡಿದರು. ಏನಾದರೂ ಹೇಳಲೇಬೇಕಿತ್ತು. "ಅದು… ಅವರು ಕೊನೇ ಸಲ ತಮ್ಮ ಕೈಯಾರೆ ಹಾಕಿದ್ದು. ಯಾರೂ ಮುಟ್ಟೋದು ಬೇಡ."

ಸೆಕ್ರೆಟರಿಯ ಕೈ ಗಾಳಿಯಲ್ಲೇ ನಿಂತಿತು. ಡಾಕ್ಟರು ಕನ್ನಡಿಯನ್ನು ಎದೆಗೊತ್ತಿಕೊಂಡರು. ಇಬ್ಬರ ಕಣ್ಣುಗಳೂ ತುಂಬಿ ಬಂದವು. ಅವಳ ಕಣ್ಣು ಮಾತ್ರ ಎಂದಿನಂತೆ ಒಣಗಿತ್ತು. ಕೆನ್ನೆಗಳು ನಾಚಿಕೆಯಿಂದ ಬಿಸಿಯಾಗಿದ್ದವು.

"ಸರಿ ತಾಯಿ, ಸೆಲ್ ಮುಟ್ಟಲ್ಲ. ಪೈಪ್ ನೋಡ್ತೀನಿ," ಎಂದು ಸೆಕ್ರೆಟರಿ ಹೊರಗೋಡೆಯ ಸಿಲಿಂಡರಿನಿಂದ ಬರುವ ಪೈಪಿನ ನಟ್ಟನ್ನು ತಿರುಗಿಸಿದರು. ಅದು ಬಿಗಿಯಾಗುವ ಬದಲು ಸಡಿಲವಾಯಿತು. ಬುಸ್ಸೆಂದು ಸದ್ದು ಬಂತು, ಕೊಳೆತ ಮೊಟ್ಟೆಯಂಥ ವಾಸನೆ ಹಬ್ಬಿತು.

"ಲೀಕ್ ಎಲ್ಲಿ ಅಂತ ಈಗಲೇ ಗೊತ್ತಾಗತ್ತೆ," ಎಂದು ಅವರು ಜೇಬಿನಿಂದ ತೆಗೆದದ್ದು ಬೆಂಕಿಪೊಟ್ಟಣ.

ಅವಳು ಅದನ್ನು ಕಿತ್ತುಕೊಂಡು ಕಿಟಕಿಯಾಚೆ ಎಸೆದಳು. ಡಾಕ್ಟರು ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದರು.

"ಸ್ವಿಚ್ ಮುಟ್ಟಬೇಡಿ. ಕಿಟಕಿ ಪೂರ್ತಿ ತೆಗೀರಿ, ಬಾಗಿಲೂ ತೆಗೀರಿ. ಇಬ್ಬರೂ ಆಚೆ ನಡೀರಿ."

ಅದು ಗಂಡನ ದನಿಯೇ. ತನ್ನ ಗಂಟಲಲ್ಲಿ ಅದು ಯಾವಾಗ ಬಂದು ಕೂತಿತ್ತೋ ಅವಳಿಗೆ ತಿಳಿಯದು. ಓಡಿ ಸಿಲಿಂಡರಿನ ಗುಂಡಿ ತಿರುಗಿಸಿ ಗ್ಯಾಸ್ ನಿಲ್ಲಿಸಿದಳು. ಇಬ್ಬರು ಹಿರಿಯರು ತರಗತಿಯಿಂದ ಹೊರಹಾಕಿದ ಹುಡುಗರಂತೆ ಮೆಟ್ಟಿಲ ಮೇಲೆ ಕೂತರು.

ಮಧ್ಯಾಹ್ನ ಮೆಕ್ಯಾನಿಕ್ ಬಂದು ಪೈಪು ಬಿಗಿದು, ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುವುದಿಲ್ಲವೆಂದು ತೋರಿಸಿ ಹೋದ. ಅಷ್ಟು ಹೊತ್ತೂ ಅವಳು ಆ ಮುಚ್ಚಳಕ್ಕೆ ಬೆನ್ನು ಕೊಟ್ಟು ಕಾವಲು ನಿಂತಿದ್ದಳು. ನಲ್ಲಿ ತಿರುಗಿಸಿದರೆ ಮತ್ತೆ ಅದೇ ದಾರದ ಎಳೆ. ಆಗ ಅವನ ಇನ್ನೊಂದು ಮಾತು ನೆನಪಾಯಿತು: ನೀರಿಗೆ ದಮ್ಮಿಲ್ಲದಿದ್ದರೆ ಇದಕ್ಕೆ ಎಚ್ಚರವೇ ಆಗುವುದಿಲ್ಲ. ಬಗ್ಗಿ ನೋಡಿದಳು. ಗೀಸರಿಗೆ ನೀರು ಬಿಡುವ ವಾಲ್ವನ್ನು ಯಾರೋ ಮುಕ್ಕಾಲು ಪಾಲು ಮುಚ್ಚಿದ್ದರು.

ಡಾಕ್ಟರ ಜೊತೆ ಮತ್ತೆ ಬಂದು ಬಚ್ಚಲಿನ ಬಾಗಿಲಲ್ಲಿ ನಿಂತಿದ್ದ ಸೆಕ್ರೆಟರಿ ಕೆಮ್ಮಿದರು. "ಅಷ್ಟೊಂದು ಜನ ಬಂದಿದ್ರಲ್ಲಮ್ಮ… ಟ್ಯಾಂಕ್ ಖಾಲಿಯಾಗತ್ತೆ ಅಂತ ನಾನೇ ಸ್ವಲ್ಪ ತಿರುಗಿಸಿದ್ದೆ."

ವಾಲ್ವು ತೆರೆದಳು. ಟಿಕ್ ಟಿಕ್ ಟಿಕ್. ಕಿಂಡಿಯಲ್ಲಿ ನೀಲಿ ಉರಿ ಸಾಲಾಗಿ ಎದ್ದು ನಿಂತಿತು. ಡಾಕ್ಟರು ಚಪ್ಪಾಳೆ ತಟ್ಟಿದರು. ಇಬ್ಬರೂ ಹೊರಟರು.

ಬಾಗಿಲು ಹಾಕಿ, ನೀರು ಬಿಟ್ಟು ಕೂತಳು. ಹಬೆ ಏಳತೊಡಗಿತು. ಅಳು ಬರಲಿಲ್ಲ. ತಲೆಯ ಮೇಲಿದ್ದದ್ದು ಕದ್ದ ಬಿಸಿನೀರು. ಇದನ್ನು ಹೀಗೇ ಬಿಟ್ಟರೆ ದಿನಾ ಸ್ನಾನಕ್ಕೆ ಬಂದಾಗ ಅವನನ್ನು ಕಳ್ಳನೆಂದೇ ನೆನೆಯಬೇಕು. ಎದ್ದು ನಲ್ಲಿ ನಿಲ್ಲಿಸಿ, ಬಟ್ಟೆ ಹಾಕಿಕೊಂಡು, ಸೆಲ್ಲುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೇಲ್ಮನೆಗೆ ಹತ್ತಿದಳು.

ಬಾಗಿಲು ತೆರೆದವರು ಸೆಕ್ರೆಟರಿಯ ಹೆಂಡತಿ. ಸೆಲ್ಲು ಕಂಡದ್ದೇ ಅವರು ಹೊರಗೆ ಬಂದು ಬಾಗಿಲು ಎಳೆದುಕೊಂಡರು.

"ಇದನ್ನ ಯಾಕೆ ತಂದ್ಯೇ? ಮೊದಲು ವಾಪಸ್ ತಗೊಂಡು ಹೋಗು."

"ಅಕ್ಕಾ, ಇವರು ನಿಮ್ಮನೆಯಿಂದ ಕದ್ದು…"

"ಕದಿಯೋದೇನು? ನಾನೇ ಮೈಕಿನಿಂದ ಕಿತ್ತು ಕೊಟ್ಟಿದ್ದು. ಒಂದು ಬೆಳಿಗ್ಗೆ ಸೆಲ್ ಇದ್ಯಾ ಅಂತ ಕೇಳಿದ. ಸಂಜೆ ತಂದ್ಕೊಡ್ತೀನಿ ಅಂದ. ಈ ಜನ್ಮದಲ್ಲಿ ಕೊಡಬೇಡಪ್ಪ ಅಂತ ಕೈಮುಗಿದೆ." ಅವರು ತಟ್ಟನೆ ಬಾಯಿ ಮುಚ್ಚಿಕೊಂಡರು. ಮಾತು ಎಲ್ಲಿಗೋ ಹೋಗಿ ತಗುಲಿತ್ತು.

ಬಾಗಿಲು ತೆರೆದುಕೊಂಡಿತು. ಸೆಕ್ರೆಟರಿ ಸೆಲ್ಲುಗಳನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆಕೆಯ ಮುಖ ಬಿಳುಚಿಕೊಂಡಿತು.

"ಅವರು ಸಾಲ ತಂದಿದ್ರಂತೆ," ಎಂದಳು ಅವಳು ಬೇಗನೆ. "ನಿಮ್ಮನ್ನ ಕೇಳೋದು ಮರೆತ್ರಂತೆ. ತಪ್ಪು ಅವರದೇ."

ಸೆಕ್ರೆಟರಿ ಸೆಲ್ಲುಗಳನ್ನು ತೆಗೆದುಕೊಂಡು ಚುಕ್ಕೆಗಳನ್ನು ಹೆಬ್ಬೆರಳಿನಿಂದ ಸವರಿದರು. "ಸತ್ತ ಮೇಲೂ ವಾಪಸ್ ಕಳಿಸಿದ ನೋಡು. ಪುಣ್ಯಾತ್ಮ," ಎಂದು ಕಣ್ಣೊರೆಸಿಕೊಳ್ಳುತ್ತ ಒಳಗೆ ನಡೆದರು. ಹೆಂಡತಿ ಗೋಡೆಗೆ ಒರಗಿ ಕಿವಿ ಮುಚ್ಚಿಕೊಂಡರು.

ಅವಳು ಮೆಟ್ಟಿಲಿನ ತಿರುವಿಗೆ ಬಂದಿದ್ದಳಷ್ಟೇ. ಮೈಕು ಗೊರಗೊರ ಎಂದಿತು.

"ಎಲ್ಲರ ಗಮನಕ್ಕೆ. ಕೆಳಮನೆ ಹುಡುಗಿಯ ಗೀಸರಿಗೆ ಎರಡು ದಪ್ಪ ಸೆಲ್ ಬೇಕು. ಇದ್ದವರು ಈಗಲೇ ಅವಳ ಮನೆಗೆ ತಗೊಂಡು ಹೋಗಿ."

ಮೇಲೂ ಕೆಳಗೂ ಬಾಗಿಲುಗಳು ತೆರೆದುಕೊಂಡವು. ಚಪ್ಪಲಿಗಳ ಸದ್ದು ಎರಡೂ ಕಡೆಯಿಂದ ಅವಳತ್ತ ಬಂತು.

"ಇನ್ನೊಂದು ಮಾತು, ಮಗಳೇ. ಕಿಟಕಿ ತೆಗೆದಿದೀಯಾ?"

ಅವಳು ಕಂಬಿ ಹಿಡಿದುಕೊಂಡಳು. ಮೊದಲ ಹನಿ ಆಗಲೇ ಗಲ್ಲಕ್ಕೆ ಇಳಿದಿತ್ತು.

"ಇಲ್ಲ," ಎಂದಳು.