ಅರುಣೋದಯ ಸಂಘಕ್ಕೆ ಹೂಪ್ರಸಾದ

ಫುಟ್‌ಬಾಲ್ ಬಗ್ಗೆ ನನಗೆ ಏನೂ ಗೊತ್ತಿಲ್ಲ ಎಂದು ನಮ್ಮ ಮನೆಯವರು ಹೇಳುತ್ತಾರೆ. ಒಪ್ಪುತ್ತೇನೆ. ಆದರೆ ದೇವರ ವಿಚಾರ ಬೇರೆ. ಏಕಾದಶಿ ಇವತ್ತೋ ನಾಳೆಯೋ, ಪಾರಣೆ ಎಷ್ಟು ಹೊತ್ತಿಗೆ, ಯಾವ ದೇವರಿಗೆ ಯಾವ ಹೂ ಆಗದು ಎಂದು ನಮ್ಮ ಬೀದಿಯವರೆಲ್ಲ ಕೇಳಲು ಬರುವುದು ನನ್ನ ಬಳಿಗೇ. ಆದ್ದರಿಂದ ಒಂದು ಫುಟ್‌ಬಾಲ್ ತಂಡವನ್ನು ಉದ್ಧಾರ ಮಾಡುವುದು ನನಗೆ ದೊಡ್ಡ ಕೆಲಸವಾಗಿ ಕಾಣಲಿಲ್ಲ.

ನಮ್ಮ ಮನೆಯವರು ಚಾಮರಾಜಪೇಟೆಯ ಅರುಣೋದಯ ಫುಟ್‌ಬಾಲ್ ಸಂಘದ ಕಾರ್ಯದರ್ಶಿ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಅದೊಂದೇ ಉದ್ಯೋಗ. ಸಂಘಕ್ಕೆ ಹೆಸರಿನಲ್ಲಿ ಮಾತ್ರ ಉದಯ, ಆಟವೆಲ್ಲ ಅಸ್ತಮಾನ. ಊರಿನ ಲೀಗಿನಲ್ಲಿ ಒಂದೊಂದೇ ಡಿವಿಜನ್ ಇಳಿಯುತ್ತ ಇಳಿಯುತ್ತ, ಇನ್ನು ಇಳಿಯಲು ಮೆಟ್ಟಿಲೇ ಇಲ್ಲದ ಜಾಗಕ್ಕೆ ಬಂದು ನಿಂತಿತ್ತು. ಹಿಂದಿನ ಸೀಸನ್ ಮುಗಿದಾಗ ನಮ್ಮ ಕೆಳಗೆ ಒಂದೇ ಒಂದು ತಂಡವಿತ್ತು. ಆ ತಂಡದವರು ಅರ್ಧ ಪಂದ್ಯಗಳಿಗೆ ಬಂದೇ ಇರಲಿಲ್ಲವಂತೆ. ಸದ್ಯ, ಕೊನೆಯವರು ನಾವಲ್ಲವಲ್ಲ ಎಂದು ನಾನು ತುಪ್ಪದ ದೀಪ ಹಚ್ಚಿದೆ.

ಅಷ್ಟರಲ್ಲಿ ಸಂಘದ ಅಧ್ಯಕ್ಷರು, ಅಕ್ಕಿಪೇಟೆಯಲ್ಲಿ ಅಂಗಡಿ ಇಟ್ಟಿರುವ ರುದ್ರಪ್ಪನವರು, ಒಂದು ಮಾತು ಆಡಿಬಿಟ್ಟರು. ಬರುವ ಸೀಸನ್‌ನಲ್ಲಿ ಕೊನೆಗೆ ಬಂದರೆ ಸಂಘಕ್ಕೆ ಬೀಗ.

ನಮ್ಮ ಮನೆಯವರು ಅಂದು ರಾತ್ರಿ ಚಪಾತಿ ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟರು. ನನ್ನ ಚಿಂತೆ ಬೇರೆ. ಸಂಘ ಮುಚ್ಚಿದರೆ ಈ ಮನುಷ್ಯ ಸಂಜೆ ಹೋಗುವುದು ಎಲ್ಲಿಗೆ? ಕೊರೋನಾ ಕಾಲದಲ್ಲಿ ಆಟ ನಿಂತಾಗ ಅವರು ಮನೆಯಲ್ಲೇ ಇದ್ದು ನನ್ನ ಅಡುಗೆಮನೆಯನ್ನು ಸುಧಾರಿಸಿದ್ದರು. ನನ್ನದೇ ಒಗ್ಗರಣೆ ಸೌಟು ಎಲ್ಲಿದೆ ಎಂದು ನಾನು ಅವರನ್ನು ಕೇಳಿಕೊಂಡು ಬದುಕಿದ ಕಾಲವದು. ಅದಾದರೂ ಹೋಗಲಿ. ಸೋತ ದಿನ ಅವರು ಬಂದು ಕಾಲು ತೊಳೆದು, ಸುಮ್ಮನೆ ಕೂತು, ಆರಿ ತಣ್ಣಗಾದ ಕಾಫಿಯನ್ನು ಚೆನ್ನಾಗಿದೆ ಎಂದು ಕುಡಿಯುತ್ತಾರಲ್ಲ, ಅದನ್ನು ನೋಡಲು ನನ್ನಿಂದಾಗದು. ಕಾಫಿಗೆ ಹೆಸರಿಡದ ಗಂಡಸು ಎಂದರೆ ಒಳಗೆ ಏನೋ ಮುರಿದಿದೆ ಎಂದೇ ಅರ್ಥ.

ತಂಡವನ್ನು ಬದಲಾಯಿಸಲು ನಮ್ಮ ಮನೆಯ ಹಾಲಿನಲ್ಲಿ ಸಭೆ ಸೇರಿತು. ನಾನು ಹೀರೇಕಾಯಿ ಬಜ್ಜಿ ಕರಿಯುತ್ತಲೇ ಎಲ್ಲ ಕೇಳಿಸಿಕೊಂಡೆ. ಮುಂದೆ ಆಡುವವರನ್ನು ತೆಗೆದರು. ಹಿಂದೆ ನಿಲ್ಲುವವರನ್ನು ತೆಗೆದರು. ಕೋಚನ್ನೂ ತೆಗೆದರು, ಪಾಪ, ಆತ ಅಲ್ಲೇ ಕೂತು ಬಜ್ಜಿ ತಿನ್ನುತ್ತಿದ್ದ. ಸಭೆ ಸಿಕ್ಕಿಹಾಕಿಕೊಂಡಿದ್ದು ಒಬ್ಬನ ಹತ್ತಿರ ಮಾತ್ರ, ಗೋಲ್‌ಕೀಪರ್ ನಾಗರಾಜ.

ನಾಗರಾಜನಿಗೆ ಗಾಂಧಿ ಬಜಾರಿನಲ್ಲಿ ಹೂವಿನ ಅಂಗಡಿ. ಮೊದಲಿನಿಂದಲೂ ಸಂಘಕ್ಕೆ ಆಡುವವನು. ಈಗ ಮಂಡಿ ನೋವು, ಸ್ವಲ್ಪ ಹೊಟ್ಟೆಯೂ ಬಂದಿದೆ. ಚೆಂಡಿಗಿಂತ ಚೆಂಡುಹೂವಿನಲ್ಲೇ ಅವನ ಕೈ ಪಳಗಿರುವುದು ಎಂದು ರುದ್ರಪ್ಪನವರು ಹೇಳಿ, ತಾವೇ ನಕ್ಕರು. ಆಸ್ಟಿನ್ ಟೌನ್ ಕಡೆ ಒಬ್ಬ ಹೊಸ ಹುಡುಗನಿದ್ದಾನೆ, ಅವನನ್ನು ತರೋಣ ಎಂದರು. ನಮ್ಮ ಮನೆಯವರು ಒಪ್ಪಲಿಲ್ಲ.

"ಅವನು ಸರಿಯಾಗೇ ಹಿಡೀತಾನೆ ಕಣ್ರೀ. ಅವನ ಮುಂದೆ ನಿಂತಿರೋರು ಎಲ್ಲಾನೂ ಬಿಡ್ತಾರೆ. ಅವನೊಬ್ಬ ಎಷ್ಟು ಅಂತ ಹಿಡೀತಾನೆ?"

ಮಾತಿಗೆ ಮಾತು ಬೆಳೆಯಿತು. ಬಜ್ಜಿ ಮುಗಿಯಿತು, ಜಗಳ ಮುಗಿಯಲಿಲ್ಲ. ಆಗ ನಾನು ಸೆರಗಿಗೆ ಕೈ ಒರೆಸಿಕೊಂಡು ಹಾಲಿಗೆ ಬಂದು ನಿಂತೆ. ಯಾರೂ ನನ್ನನ್ನು ಕರೆದಿರಲಿಲ್ಲ.

"ಇದಕ್ಯಾಕೆ ಇಷ್ಟು ಕಿತ್ತಾಟ? ನಮ್ಮ ಬೀದಿ ಆಂಜನೇಯನ್ನ ಕೇಳಿದ್ರಾಯ್ತು. ಶನಿವಾರ ನಾನು ಹೂಪ್ರಸಾದ ಕೇಳ್ಕೊಂಡು ಬರ್ತೀನಿ."

"ಅಷ್ಟೊಂದು ಕೋಚ್‌ಗಳನ್ನ ಕೇಳಿ ನೋಡಿದ್ವಲ್ಲ ತಾಯಿ, ಆಂಜನೇಯನ್ನೂ ಒಂದ್ಸಲ ಕೇಳಿಬಿಡೋಣ" ಎಂದರು ರುದ್ರಪ್ಪನವರು.

ಹೂಪ್ರಸಾದದ ಪದ್ಧತಿ ಸುಲಭ. ಅರ್ಚಕರು ದೇವರ ಮೇಲೆ ಹೂ ಇಡುತ್ತಾರೆ. ನಾವು ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕಣ್ಣು ಪಿಳುಕಿಸದೆ ನಿಲ್ಲಬೇಕು. ದೇವರ ಬಲಗಡೆಯಿಂದ ಹೂ ಬಿದ್ದರೆ ಆಗಲಿ ಎಂದು. ಎಡಗಡೆಯಿಂದ ಬಿದ್ದರೆ ಬೇಡ ಎಂದು. ನನ್ನ ಪ್ರಶ್ನೆ: ನಾಗರಾಜನನ್ನು ತೆಗೆಯೋಣವೇ?

ಶನಿವಾರ ಬೆಳಿಗ್ಗೆ ಹೂ ಕೊಳ್ಳಲು ಗಾಂಧಿ ಬಜಾರಿಗೆ ಹೋದೆ. ನಾನು ಯಾವಾಗಲೂ ಹೂ ಕೊಳ್ಳುವುದು ಒಂದೇ ಅಂಗಡಿಯಲ್ಲಿ. ಕಾಲು ತಾನಾಗಿ ಅಲ್ಲಿಗೇ ನಡೆಯಿತು. ನಾಗರಾಜ ಬುಟ್ಟಿಯ ಮೇಲೆ ನೀರು ಚಿಮುಕಿಸುತ್ತಿದ್ದ.

"ಏನಮ್ಮಾ, ಇವತ್ತು ವಿಶೇಷ?"

ನಿನ್ನನ್ನು ತಂಡದಿಂದ ತೆಗೆಯಬೇಕೋ ಬೇಡವೋ ಎಂದು ಕೇಳಲು ಹೂ ಬೇಕಪ್ಪ ಎಂದು ಹೇಳಲಾಗುತ್ತದೆಯೇ? ಏನೋ ಹರಕೆ ಎಂದೆ. ಅವನು ಬುಟ್ಟಿಯೆಲ್ಲ ಹುಡುಕಿ, ದುಂಡಗಿನ, ದಪ್ಪನೆಯ ಚೆಂಡುಹೂವನ್ನೇ ಆರಿಸಿ ಕೊಟ್ಟ. "ಇದನ್ನ ಇಡ್ಸಿ ಅಮ್ಮ, ಚೆನ್ನಾಗಿ ಬೀಳುತ್ತೆ" ಎಂದ. ಅವನ ಮುಖ ನೋಡದೆ ದುಡ್ಡು ಕೊಟ್ಟೆ. ಹೂ ತೆಗೆದುಕೊಂಡು ಬಂದೆ.

ಗುಡಿಯಲ್ಲಿ ಆಚಾರ್ರು ಅರ್ಚನೆ ಯಾರ ಹೆಸರಿಗೆ ಎಂದರು. ಅರುಣೋದಯ ಫುಟ್‌ಬಾಲ್ ಸಂಘ ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು.

"ಗೋತ್ರ?"

"ಗೊತ್ತಿಲ್ಲ ಆಚಾರ್ರೇ."

"ಗೊತ್ತಿಲ್ದೋರಿಗೆಲ್ಲ ಕಾಶ್ಯಪ ಗೋತ್ರ. ನಕ್ಷತ್ರ?"

ತೋಚದೆ ನಮ್ಮ ಮನೆಯವರ ನಕ್ಷತ್ರವನ್ನೇ ಹೇಳಿಬಿಟ್ಟೆ. ಸಂಘದ ಗ್ರಹಚಾರವನ್ನೂ ಗಂಡನ ಗ್ರಹಚಾರವನ್ನೂ ನಾನು ಶಾಸ್ತ್ರೋಕ್ತವಾಗಿ ಗಂಟು ಹಾಕಿದ್ದು ಹೀಗೆ.

ಶನಿವಾರದ ಜನ ಕೇಳಬೇಕೇ? ನನ್ನ ಮುಂದೆ ಒಬ್ಬ ಆಜಾನುಬಾಹು, ಹೆಗಲ ಮೇಲೆ ಮಗು ಬೇರೆ. ಆಂಜನೇಯನ ಬಾಲ ಕೂಡ ಕಾಣಿಸುತ್ತಿಲ್ಲ. ನಮ್ಮ ಗುಡಿಯಲ್ಲಿ ಗರ್ಭಗುಡಿಗೆ ಎದುರಾಗಿ ಗೋಡೆಯ ಮೇಲೆ ದೊಡ್ಡ ಕನ್ನಡಿ ಇದೆ. ಮುಂದೆ ಹೋಗಲಾಗದವರು ಹಿಂದಕ್ಕೆ ತಿರುಗಿ ಅದರಲ್ಲಿ ದರ್ಶನ ಮಾಡಿಕೊಳ್ಳುತ್ತಾರೆ. ನಾನೂ ತಿರುಗಿದೆ. ಸ್ವಾಮಿ ಸ್ಪಷ್ಟವಾಗಿ ಕಂಡ. ನೋಡುತ್ತಿದ್ದಂತೆಯೇ ಚೆಂಡುಹೂ ಜಾರಿತು. ಬಿದ್ದದ್ದು ನನ್ನ ಎಡಕ್ಕೆ.

ತಿಳಿಯದವರು ಮೋಸ ಹೋಗುವುದು ಇಲ್ಲೇ. ದೇವರು ನಮಗೆ ಎದುರಾಗಿ ನಿಂತಿರುವುದರಿಂದ ನಮ್ಮ ಎಡವೇ ಅವನ ಬಲ. ಪಕ್ಕದಲ್ಲಿದ್ದ ಹೆಂಗಸಿಗೂ ಇದನ್ನು ವಿವರಿಸಿ ಹೇಳಿ, ಪ್ರಸಾದ ತೆಗೆದುಕೊಂಡು ಬೀಗುತ್ತ ಮನೆಗೆ ಬಂದೆ.

"ಬಲಗಡೆ ಆಯ್ತು" ಎಂದೆ.

ನಮ್ಮ ಮನೆಯವರು ಪೇಪರ್ ಮಡಿಚಿಟ್ಟರು. "ಚೆನ್ನಾಗಿ ನೋಡಿದ್ಯಾ?"

"ಹೂ ಬಿದ್ದಿದ್ದು ನೋಡೋಕೆ ನಿಮ್ಮ ರೆಫರಿ ಬೇಕಾ ನಂಗೆ?"

ಅವರು ಚಪ್ಪಲಿ ಮೆಟ್ಟಿಕೊಂಡರು. ನಾಗರಾಜನಿಗೆ ಸುದ್ದಿ ಹೇಳಲು ತಾವೇ ನಡೆದು ಹೋದರು, ತಾವೇ ನಡೆದು ಬಂದರು. ಬಂದು ತಣ್ಣನೆಯ ಕಾಫಿ ಚೆನ್ನಾಗಿದೆ ಎಂದರು. ನಾಗರಾಜನನ್ನು ಮಲ್ಲೇಶ್ವರದ ಕಡೆಯ ಒಂದು ತಂಡದವರು ಮಾರನೆಯ ವಾರವೇ ಕರೆದುಕೊಂಡರು. ಸದ್ಯ, ಅವನಿಗೊಂದು ಜಾಗ ಸಿಕ್ಕಿತಲ್ಲ ಎಂದು ದೇವರಿಗೆ ಕೈಮುಗಿದೆ.

ಹೊಸ ತಂಡದ ಪ್ರತಾಪವನ್ನು ಏನೆಂದು ಹೇಳಲಿ. ಒಬ್ಬನಿಗೆ ತಮಿಳು, ಒಬ್ಬನಿಗೆ ಮಲಯಾಳ, ಇಬ್ಬರಿಗೆ ಮಣಿಪುರದ ಮಾತು. ಹೊಸ ಕೋಚ್ ನಮ್ಮ ಹನುಮಂತನಗರದವನು, ಸಿಟ್ಟು ಬಂದರೆ ಕನ್ನಡ ಬಿಟ್ಟು ಬೇರೆ ಬಾರದು. ಅವನು ಗೆರೆಯ ಆಚೆ ನಿಂತು "ಬಲಕ್ಕೆ, ಬಲಕ್ಕೆ" ಎಂದು ಕೂಗಿದರೆ, ಹುಡುಗರು ಬಾಲ್‌ಗೆ, ಬಾಲ್‌ಗೆ ಎಂದು ತಿಳಿದು ಎಲ್ಲರೂ ಒಟ್ಟಿಗೆ ಚೆಂಡಿನ ಹಿಂದೆ ಓಡುತ್ತಿದ್ದರಂತೆ. ಎದುರು ತಂಡದವರು ಖಾಲಿ ಮೈದಾನದಲ್ಲಿ ವಾಕಿಂಗ್ ಬಂದವರಂತೆ ಬಂದು ಗೋಲು ಹೊಡೆದು ಹೋಗುತ್ತಿದ್ದರಂತೆ. ಆಸ್ಟಿನ್ ಟೌನ್ ಹುಡುಗ ಎತ್ತರದ ಚೆಂಡನ್ನು ಚೆನ್ನಾಗಿಯೇ ಹಿಡಿಯುತ್ತಿದ್ದ. ಎದುರಿನವರಿಗೆ ಅದು ಗೊತ್ತಾಗಿ ನೆಲದ ಮೇಲೆ ಉರುಳಿಸತೊಡಗಿದರು.

ಪ್ರತಿ ಸಂಜೆಯೂ ಕಾಫಿ ಚೆನ್ನಾಗಿದೆ ಎಂದೇ ಆಯಿತು. ಒಂದು ದಿನ ಪರೀಕ್ಷೆಗೆಂದು ಸಕ್ಕರೆಯನ್ನೇ ಹಾಕದೆ ಕೊಟ್ಟೆ. ಆಗಲೂ ಚೆನ್ನಾಗಿದೆ ಎಂದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಕೊನೆಯ ಪಂದ್ಯ ಉಳಿದಿತ್ತು. ಸಮ ಮಾಡಿಕೊಂಡರೂ ಸಾಕು, ಕೊನೆಯ ಸ್ಥಾನ ತಪ್ಪುತ್ತಿತ್ತು. ಎದುರಾಳಿ ಮಲ್ಲೇಶ್ವರದ ಆ ತಂಡವೇ. ಪಂದ್ಯದ ಹಿಂದಿನ ಶನಿವಾರ ನಾನು ಆಂಜನೇಯನ ಮೊರೆ ಹೊಕ್ಕೆ. ಮತ್ತೆ ಜನ, ಮತ್ತೆ ಕನ್ನಡಿ. ಅದರಲ್ಲಿ ಮಂಗಳಾರತಿ ನೋಡಿ ನಾನು ಬೆಚ್ಚಿಬಿದ್ದೆ. ಆಚಾರ್ರು ಎಡಗೈಯಲ್ಲಿ ಆರತಿ ಎತ್ತುತ್ತಿದ್ದಾರೆ! ಇಂಥ ಅಪಚಾರ ನಡೆಯುವ ಗುಡಿಯಲ್ಲಿ ನಮ್ಮ ತಂಡ ಹೇಗೆ ಸುಧಾರಿಸೀತು? ಜನ ಕರಗುವವರೆಗೆ ಕಾದಿದ್ದು ಸೀದಾ ಅವರ ಮುಂದೆ ಹೋಗಿ ನಿಂತೆ. ಹಿರಿಯರು, ನೊಂದುಕೊಳ್ಳಬಾರದೆಂದು ಮೆಲ್ಲಗೇ ಹೇಳಿದೆ. ಆಚಾರ್ರು ನಕ್ಕರು.

"ಬಲಗೈಲೇ ಎತ್ತಿದ್ದು ತಾಯಿ. ಕನ್ನಡೀಲಿ ನೋಡಿದ್ರೇನು? ಅದ್ರಲ್ಲಿ ಎಲ್ಲಾ ಅದಲು ಬದಲು."

ನನ್ನ ಕೈಯಲ್ಲಿದ್ದ ತೀರ್ಥ ಬೆರಳ ಸಂದಿಯಿಂದ ಸೋರಿಹೋಯಿತು.

"ಹೂಪ್ರಸಾದ ನೋಡಿದ್ರೂ ಹಾಗೇನಾ ಆಚಾರ್ರೇ?"

"ಹೂವಿಗೆ ಅಂತ ಬೇರೆ ಕನ್ನಡಿ ಇಟ್ಟಿದೀವಾ?"

ನಿತ್ಯ ಕನ್ನಡಿಯ ಮುಂದೆ ನಿಂತು ಕುಂಕುಮ ಇಟ್ಟುಕೊಳ್ಳುವವಳು ನಾನು. ಎಡ ಬಲ ಅದಲು ಬದಲಾಗುವುದು ಬೀದಿಯ ಮಕ್ಕಳಿಗೂ ಗೊತ್ತು. ಸ್ವಾಮಿ ಬೇಡ ಎಂದು ಎಡದಿಂದ ಹೂ ಬೀಳಿಸಿದ್ದ. ನಾನು ಅವನ ಮಾತನ್ನು ತಿರುಗಿಸಿ, ನನ್ನ ಪಾಂಡಿತ್ಯವನ್ನೂ ಸೇರಿಸಿ, ಸಂಘಕ್ಕೆ ಒಪ್ಪಿಸಿದ್ದೆ. ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಪಂದ್ಯ ಗೆದ್ದುಬಿಟ್ಟರೆ ಹೇಳುವ ಪ್ರಸಂಗವೇ ಬಾರದು ಎಂದುಕೊಂಡೆ.

ಪಂದ್ಯದ ದಿನ ನಾನೂ ಮೈದಾನಕ್ಕೆ ಹೋದೆ. ಹುಡುಗರ ಹಣೆಗಿಡಲು ಆಂಜನೇಯನ ಸಿಂಧೂರ ಒಯ್ದಿದ್ದೆ. ಆಟೋ ಇಳಿದು ಒಳಗೆ ಕಾಲಿಡುತ್ತಿದ್ದಂತೆ ಯಾರೋ ಓಡಿ ಬಂದು ನನ್ನ ಕಾಲಿಗೆ ಎರಗಿದರು. ಹಿರಿಯರು ಕಾಲಿಗೆ ಬಿದ್ದವರ ಮುಖ ನೋಡಿ ಆಶೀರ್ವಾದ ಮಾಡುತ್ತಾರೆಯೇ? ಅಭ್ಯಾಸದ ಬಾಯಿ, ತಾನಾಗಿ ಆಡಿಬಿಟ್ಟಿತು.

"ಒಳ್ಳೇದಾಗ್ಲಪ್ಪ. ಗೆದ್ದು ಬಾ."

ಹಣೆಗೆ ಧಾರಾಳವಾಗಿ ಸಿಂಧೂರವನ್ನೂ ಇಟ್ಟೆ. ಆಮೇಲೆ ಮುಖ ನೋಡಿದರೆ, ನಾಗರಾಜ.

"ನೀವು ಬಂದಿದ್ದು ಒಳ್ಳೇದಾಯ್ತಮ್ಮ" ಎಂದು ಹೇಳಿ ಅವನು ಎದುರು ಪಾಳೆಯಕ್ಕೆ ಓಡಿದ. ನಮ್ಮ ಮನೆಯವರು ಹಿಂದೆಯೇ ನಿಂತಿದ್ದರು.

"ಯಾರಿಗೆ ಹೇಳ್ದೆ ಪದ್ಮಾ, ಗೆದ್ದು ಬಾ ಅಂತ?"

ನಾನು ಸಿಂಧೂರದ ಪೊಟ್ಟಣ ಮಡಿಚಿ ಚೀಲಕ್ಕೆ ಹಾಕಿಕೊಂಡೆ.

ಆಟದ ಸೂಕ್ಷ್ಮ ನನಗೆ ತಿಳಿಯದು. ಒಂದು ಗೋಲು ನಮ್ಮ ಕಡೆ ಬಿತ್ತು ಎಂದಷ್ಟೇ ತಿಳಿಯಿತು, ಏಕೆಂದರೆ ಪಕ್ಕದಲ್ಲಿ ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡರು. ನಮ್ಮವರು ಹೊಡೆದದ್ದನ್ನೆಲ್ಲ ನಾಗರಾಜ ತಡೆದ. ಮಂಡಿ ನೋವೂ ಇಲ್ಲ, ಹೊಟ್ಟೆಯೂ ಅಡ್ಡಿಯಾಗಲಿಲ್ಲ. ಕೊನೆಯಲ್ಲಿ ನಮಗೆ ಪೆನಾಲ್ಟಿ ಸಿಕ್ಕಿತು. ಇದೊಂದು ಗೋಲಾದರೆ ಪಂದ್ಯ ಸಮ, ಸಂಘ ಉಳಿಯುತ್ತದೆ ಎಂದು ರುದ್ರಪ್ಪನವರು ರುದ್ರಾಕ್ಷಿ ಹಿಡಿದುಕೊಂಡರು. ನಮ್ಮ ಹುಡುಗ ಬಲವಾಗಿ ಒದ್ದ. ನಾಗರಾಜ ಹಾರಿದ. ಈ ಸಲ ಕನ್ನಡಿ ಇರಲಿಲ್ಲ, ಆಜಾನುಬಾಹು ಇರಲಿಲ್ಲ, ಕಣ್ಣಾರೆ ಕಂಡೆ. ಅವನು ಹಾರಿದ್ದು ತನ್ನ ಬಲಕ್ಕೇ. ಚೆಂಡನ್ನು ಚೆಂಡುಹೂವಿನಂತೆ ಮೆತ್ತಗೆ ಹಿಡಿದು ಎದೆಗವಚಿಕೊಂಡ.

ಹಿಂದಿರುಗುವಾಗ ಆಟೋದಲ್ಲಿ ನಾನು ಎಲ್ಲವನ್ನೂ ಹೇಳಿದೆ. ಕನ್ನಡಿ, ಆರತಿ, ಅದಲು ಬದಲು. ಮಿನರ್ವ ಸರ್ಕಲ್ಲಿನ ಸಿಗ್ನಲ್‌ನಲ್ಲಿ ಆಟೋ ನಿಂತಾಗ ಅವರು ನನ್ನ ಕಡೆ ತಿರುಗಿದರು.

"ಅಂದ್ರೆ, ನಾಗರಾಜನ್ನ ತೆಗೀಬೇಡಿ ಅಂತ ಆಂಜನೇಯ ಹೇಳಿದ್ದ."

"ಹೂಂ."

"ನಾನೂ ಅದನ್ನೇ ಹೇಳಿದ್ದೆ."

ಸಿಗ್ನಲ್ ಬಿಟ್ಟಿತು. ಸದ್ಯ, ಆಟೋದವನು ಹಾರನ್ ಹೊಡೆದ.

ಸಂಘಕ್ಕೆ ಬೀಗ ಬಿತ್ತು. ಮಾರನೆಯ ಸಂಜೆ ನಾಲ್ಕಕ್ಕೆ ನಮ್ಮ ಮನೆಯವರು ಷರಟು ಹಾಕಿಕೊಂಡರು, ಬಾಗಿಲವರೆಗೆ ಹೋದರು, ತಿರುಗಿ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತರು. ಕಪಾಟಿನ ಡಬ್ಬಿಗಳನ್ನು ಕೋಚಿನಂತೆ ಒಂದೊಂದಾಗಿ ನೋಡಿದರು. ಸಾಸಿವೆ ಹಿಂದೆ ನಿಂತು ಪ್ರಯೋಜನವಿಲ್ಲವಂತೆ, ಮುಂದಕ್ಕೆ ಬಂತು. ಮೆಂತ್ಯ ಬೆಂಚಿಗೆ ಹೋಯಿತು. ನನ್ನ ಅತ್ತೆಯ ಕಾಲದ ದೋಸೆ ಕಾವಲಿಗೆ ವಯಸ್ಸಾಯಿತೆಂದು ತೆಗೆದು ಹೊಸ ಕಾವಲಿ ತಂದರು. ದೋಸೆ ಕಿತ್ತು ಬರಲಿಲ್ಲ. ಹಳೆಯ ಕಾವಲಿಯನ್ನೇ ವಾಪಸ್ ಕೊಡಿ ಎಂದು ಅಂಗಲಾಚಲು ನನಗೆ ಬಾಯಿ ಎಲ್ಲಿದೆ? ಹೊಸಬರಿಗೆ ಹೊಂದಿಕೊಳ್ಳಲು ಒಂದು ಸೀಸನ್ ಬೇಕು ಎಂದು ಅವರೇ ಸಮಾಧಾನ ಹೇಳಿದರು. ಸಾರಿಗೆ ಜೀರಿಗೆ ಎಂದು ಓಮ ಬಿತ್ತು. ಅವರು ಚೆನ್ನಾಗಿದೆ ಎಂದರು.

ನಾನು ಆಂಜನೇಯನಲ್ಲಿ ಕ್ಷಮೆ ಕೇಳಿದೆ, ಕನ್ನಡಿಗೆ ಬೆನ್ನು ಹಾಕಿಕೊಂಡು.

ಕಳೆದ ಶನಿವಾರ ಅವರೇ ಗಾಂಧಿ ಬಜಾರಿಗೆ ಹೋಗಿ ಹೂ ತಂದರು. ನಾಗರಾಜ ಸಿಕ್ಕಿದ್ದನಂತೆ. ಸಂಘ ಮತ್ತೆ ಶುರು ಮಾಡಿ ಸಾರ್, ನಾನು ವಾಪಸ್ ಬರ್ತೀನಿ, ಹಳಬರನ್ನೂ ಕರ್ಕೊಂಡು ಬರ್ತೀನಿ ಎಂದನಂತೆ. ರುದ್ರಪ್ಪನವರು ಆಗದೆಂದು ತಲೆಯಾಡಿಸಿದ್ದರು. ಮುಂದಿನ ಸೀಸನ್‌ಗೆ ಈ ತಂಡ ಸುಧಾರಿಸುತ್ತದೆ ಎಂದು ಬೀದಿಯಲ್ಲಿ ಒಬ್ಬರೂ ನಂಬುವುದಿಲ್ಲ. ನಮ್ಮ ಮನೆಯವರು ಹೂ ಹಿಡಿದು, ನನ್ನನ್ನು ಕರೆಯದೆ, ಸಂಘ ಮತ್ತೆ ತೆರೆಯೋಣವೇ ಎಂದು ಕೇಳಲು ಗುಡಿಗೆ ಹೋದರು.

ಬರುವಾಗ ಅವರ ನಡಿಗೆಯೇ ಬೇರೆಯಾಗಿತ್ತು. ಒಂದು ಗುಟುಕು ಕಾಫಿ ಕುಡಿದು ಲೋಟ ಕೆಳಗಿಟ್ಟರು.

"ಏನೇ ಇದು, ಕಾಫಿ ಕಲಗಚ್ಚು ಇದ್ದಂಗಿದೆ" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಬಲಗಡೆ ಬಿತ್ತು ಪದ್ಮಾ" ಎಂದರು.

ಶನಿವಾರ ಗುಡಿಯಲ್ಲಿ ಎಂಥ ಜನವಿರುತ್ತದೆ ಎಂಬುದು ನನಗೆ ಗೊತ್ತು. ನಮ್ಮ ಮನೆಯವರು ಎಷ್ಟು ಕುಳ್ಳು ಎಂಬುದೂ ಗೊತ್ತು. ಯಾರ ಬಲಗಡೆ, ಎಲ್ಲಿ ನಿಂತು ನೋಡಿದಿರಿ ಎಂದು ನಾನು ಕೇಳಲಿಲ್ಲ. ಒಳಗೆ ಹೋಗಿ ಸಾಸಿವೆ ಡಬ್ಬಿಯನ್ನು ಸದ್ದಿಲ್ಲದೆ ಅದರ ಹಳೆಯ ಜಾಗದಲ್ಲಿಟ್ಟೆ.