ಸಾರ್ವಜನಿಕ ಕೊಳದ ಕಪ್ಪೆಗಳಿಗೆ ಸಂಬಂಧಿಸಿದಂತೆ

ನಗರ ಉದ್ಯಾನದ ಕೊಳದಲ್ಲಿ ವಾಸವಾಗಿದ್ದ ಕಪ್ಪೆಗಳ ಪೈಕಿ ಒಂದಕ್ಕೂ ನಗರಸಭೆಯ ಅನುಮತಿ ಇರಲಿಲ್ಲವೆಂಬ ಸಂಗತಿ, ಹೊಸ ಆಯುಕ್ತರು ಅಧಿಕಾರ ವಹಿಸಿಕೊಂಡ ಮೇಲೆ ಬೆಳಕಿಗೆ ಬಂತು. ಅದುವರೆಗೆ ಯಾರೂ ಕೇಳಿರಲಿಲ್ಲ. ಕಪ್ಪೆಗಳೂ ಹೇಳಿರಲಿಲ್ಲ.

ಆಯುಕ್ತರ ಬಂಗಲೆಯ ಕಿಟಕಿ ಕೊಳದ ಕಡೆಗಿತ್ತು. ಮೊದಲ ಮಳೆ ಬಿದ್ದ ಮರುದಿನ ಅವರು ಕೆಂಪಗಾದ ಕಣ್ಣು ಉಜ್ಜಿಕೊಳ್ಳುತ್ತ ಕಚೇರಿಗೆ ಬಂದವರೇ ಕೊಳದ ಮೇಲ್ವಿಚಾರಕನನ್ನು ಕರೆಸಿದರು.

ಈ ಮೇಲ್ವಿಚಾರಕನನ್ನು ಊರೆಲ್ಲ ಕೊಳಪ್ಪ ಎಂದೇ ಕರೆಯುತ್ತಿತ್ತು. ಕೊಳದ ವಿಭಾಗಕ್ಕೆ ಅವನೇ ಅಧಿಕಾರಿ, ಅವನೇ ಸಿಬ್ಬಂದಿ. ದಂಡೆಯ ಮೇಲಿದ್ದ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಹೆಂಡತಿ, ಮಗಳ ಜೊತೆ ಇದ್ದ. ಹೆಂಡತಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಟೀಚರಮ್ಮ. ಕೆಲಸ ಹೋದರೆ ಮನೆಯೂ ಹೋಗುವಂತಿದ್ದದ್ದರಿಂದ ಕೊಳಪ್ಪ ಯಾವ ಸಾಹೇಬರಿಗೂ ಇದುವರೆಗೆ ಆಗಲ್ಲ ಎಂದವನಲ್ಲ.

"ಏನ್ರೀ ಅದು ಸದ್ದು?" ಎಂದರು ಆಯುಕ್ತರು.

"ಕಪ್ಪೆ ಸಾರ್."

"ಯಾವ ನಿಯಮದಲ್ಲಿ ಕೂಗ್ತವೆ?"

ಕೊಳಪ್ಪ ತಲೆ ಕೆರೆದುಕೊಂಡ. "ಮಳೆ ಬಂದಾಗ ಕೂಗ್ತವೆ ಸಾರ್."

"ಯಾವಾಗ ಅಂತ ನಾನು ಕೇಳಲಿಲ್ಲ."

ಹುಡುಕಿದರು. ನಿಯಮ ಇರಲಿಲ್ಲ. ಆ ಸಂಜೆಯೇ ಉದ್ಯಾನದ ಗೇಟಿಗೆ ಪ್ರಕಟಣೆ ಅಂಟಿಸಲಾಯಿತು: "ಸಾರ್ವಜನಿಕರಿಗೂ ಸಂಬಂಧಪಟ್ಟ ಕಪ್ಪೆಗಳಿಗೂ ತಿಳಿಯಪಡಿಸುವುದೇನೆಂದರೆ, ಕೊಳದಲ್ಲಿ ಅನಧಿಕೃತವಾಗಿ ನೆಲೆಸಿರುವ ಸಮಸ್ತ ಕಪ್ಪೆಗಳನ್ನು ಆಡಳಿತದ ಹಿತದೃಷ್ಟಿಯಿಂದ ಊರಾಚೆಯ ಕಲ್ಲುಗಣಿ ಹೊಂಡಕ್ಕೆ ವರ್ಗಾಯಿಸಲಾಗಿದೆ. ಆಕ್ಷೇಪಣೆ ಇದ್ದವರು ಲಿಖಿತವಾಗಿ ಸಲ್ಲಿಸತಕ್ಕದ್ದು." ಕಪ್ಪೆಗಳಿಂದ ಯಾವ ಆಕ್ಷೇಪಣೆಯೂ ಬರದ ಕಾರಣ ಅವುಗಳ ಒಪ್ಪಿಗೆ ಇದೆಯೆಂದು ಭಾವಿಸಲಾಯಿತು.

ಕೊಳಪ್ಪ ಮೊಣಕಾಲವರೆಗೆ ಪ್ಯಾಂಟು ಮಡಚಿ ನೀರಿಗಿಳಿದು ಬಲೆ ಬೀಸುತ್ತಿದ್ದಾಗ ಟೀಚರಮ್ಮ ದಂಡೆಯಲ್ಲಿ ನಿಂತು ಕೇಳಿದಳು, "ಇವು ಏನು ತಿಂದು ಬದುಕ್ತಿದ್ದವು ಅಂತ ನಿಮ್ಮ ಸಾಹೇಬರು ಕೇಳಿದ್ರಾ?"

"ಇಲ್ಲ."

"ಕೇಳೋ ಕಾಲ ಬರತ್ತೆ ಬಿಡಿ."

ಮಳೆಗಾಲ ಮುಗಿಯುವ ಮೊದಲೇ ಬಂತು. ಕಪ್ಪೆಗಳ ಹಿಂದೆಯೇ ಅವನ್ನು ನಂಬಿಕೊಂಡಿದ್ದ ಕೊಕ್ಕರೆಗಳು ಹೇಳದೆ ಕೇಳದೆ ಜಾಗ ಖಾಲಿ ಮಾಡಿದವು. ಸೊಳ್ಳೆಗಳು ಮಾತ್ರ ಕೊಳದ ಮೇಲೆ ಮೋಡದಂತೆ ಎದ್ದು ನಿಂತವು. ಬಾಯಿ ತೆರೆದು ಆಕಳಿಸುವುದಕ್ಕೂ ಊರಿನವರು ಹೆದರುವಂತಾಯಿತು. ಆಯುಕ್ತರು ಧೃತಿಗೆಡಲಿಲ್ಲ. ಸೊಳ್ಳೆ ವಿಭಾಗ ಎಂಬ ಹೊಸ ವಿಭಾಗ ತೆರೆದು, ಅದಕ್ಕೆ ತಮ್ಮ ಭಾವಮೈದುನನನ್ನು ಮುಖ್ಯಸ್ಥನನ್ನಾಗಿ ನೇಮಿಸಿದರು. ಅವನಿಗೆ ಸೊಳ್ಳೆಗಳ ಬಗ್ಗೆ ಯಾವ ಪೂರ್ವಗ್ರಹವೂ ಇರಲಿಲ್ಲ, ಏಕೆಂದರೆ ಏನೂ ಗೊತ್ತಿರಲಿಲ್ಲ.

ಹೊಗೆಯಂತ್ರ ಬಂತು. ಯಂತ್ರಕ್ಕೊಬ್ಬ ಚಾಲಕ, ಚಾಲಕನಿಗೊಬ್ಬ ಸಹಾಯಕ, ಯಂತ್ರವನ್ನು ಕಾಯುವವನೊಬ್ಬ, ಅವನು ಎದ್ದಿದ್ದಾನೋ ಇಲ್ಲವೋ ನೋಡುವವನೊಬ್ಬ ಬಂದರು. ಬೀದಿಬೀದಿಯಲ್ಲೂ ಬಿಳಿ ಹೊಗೆ ತುಂಬಿತು. ಸೊಳ್ಳೆಗಳು ರಾಶಿರಾಶಿ ಸತ್ತವು. ಸನ್ಮಾನ ಸಮಾರಂಭ ನಡೆಯಿತು. ಹೂಮಾಲೆ ಬಾಡುವ ಹೊತ್ತಿಗೆ ಸೊಳ್ಳೆಗಳು ಮತ್ತೆ ಹಾಜರಾದವು. ಈ ಸಲ ಹೊಗೆಯೊಳಗೇ ಹಾಯಾಗಿ ಓಡಾಡುತ್ತಿದ್ದವು.

"ಇದು ಹೇಗೆ?" ಎಂದು ಕೊಳಪ್ಪ ಮನೆಯಲ್ಲಿ ಕೇಳಿದ. ಟೀಚರಮ್ಮ ತರಕಾರಿ ಹೆಚ್ಚುತ್ತಿದ್ದಳು.

"ಒಂದೇ ತಾಯಿಯ ಮಕ್ಕಳು ಎಲ್ಲಾ ಒಂದೇ ಥರ ಇರ್ತಾರೇನ್ರೀ? ಸೊಳ್ಳೆಗಳೂ ಹಾಗೇ. ಸಾವಿರದಲ್ಲಿ ಎಲ್ಲೋ ಒಂದಕ್ಕೆ ಹುಟ್ಟಿನಿಂದಲೇ ಆ ಔಷಧ ನಾಟಲ್ಲ. ನಾಟೋವನ್ನೆಲ್ಲ ನಿಮ್ಮೋರು ಕೊಂದು ಜಾಗ ಬಿಡಿಸಿಕೊಟ್ರು. ನಾಟದೇ ಇದ್ದವು ಮೊಟ್ಟೆ ಇಟ್ಟವು. ಈಗ ಇರೋದೆಲ್ಲ ಅವುಗಳ ಸಂತಾನ. ಇದಕ್ಕೆ ಆಯ್ಕೆ ಅಂತಾರೆ."

ಕೊಳಪ್ಪ ಇದನ್ನು ಬಾಯಿಪಾಠ ಮಾಡಿಕೊಂಡು ಮಾರನೆಯ ದಿನದ ಸಭೆಯಲ್ಲಿ ಒಪ್ಪಿಸಿದ. ಆಯುಕ್ತರು ಮೇಜು ಗುದ್ದಿದರು.

"ಆಯ್ಕೆ? ಯಾರ್ರೀ ಮಾಡಿದ್ದು?"

"ಯಾರೂ ಮಾಡಲ್ವಂತೆ ಸಾರ್. ತಾನಾಗೇ ಆಗತ್ತಂತೆ."

"ನನ್ನ ವ್ಯಾಪ್ತಿಯಲ್ಲಿ, ಆಯ್ಕೆ ಸಮಿತಿ ಇಲ್ಲದೆ, ಸಂದರ್ಶನ ಇಲ್ಲದೆ ಆಯ್ಕೆ ಆಗತ್ತಾ?"

ಭಾವಮೈದುನ ತಲೆಯೆತ್ತಿ ಫ್ಯಾನು ನೋಡತೊಡಗಿದ.

ಲೋಪವನ್ನು ಸರಿಪಡಿಸಲು ಸೊಳ್ಳೆ ಆಯ್ಕೆ ಸಮಿತಿ ರಚಿಸಲಾಯಿತು. ಸಮಿತಿಯ ಸದಸ್ಯರು ಒಂದು ಸಂಜೆ ಕೊಳದ ದಂಡೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಬೇಗನೆ ಎದ್ದು, ಕಾಲು ಕೆರೆದುಕೊಳ್ಳುತ್ತ ಹೋದರು. "ಅಭ್ಯರ್ಥಿಗಳು ಉತ್ಸಾಹಿಗಳಾಗಿದ್ದು ಕ್ಷೇತ್ರಕಾರ್ಯದಲ್ಲಿ ಪರಿಣತರಿದ್ದಾರೆ" ಎಂದು ಅವರು ವರದಿ ಕೊಟ್ಟರು. ಆಯ್ಕೆ ಕ್ರಮಬದ್ಧವಾಯಿತು.

ಅಷ್ಟರಲ್ಲಿ ಸೊಳ್ಳೆ ವಿಭಾಗವೂ ಸೊಳ್ಳೆಗಳ ವೇಗದಲ್ಲೇ ಬೆಳೆದಿತ್ತು. ಮೇಜು ಮುಗಿದ ಮೇಲೆ ಹೊಸಬರನ್ನು ಕಾರಿಡಾರಿನಲ್ಲಿ ಕೂರಿಸಿದರು. ಕಾರಿಡಾರು ತುಂಬಿದ ಮೇಲೆ ಮೆಟ್ಟಿಲುಗಳ ಮೇಲೆ, ಹುದ್ದೆಯ ಎತ್ತರಕ್ಕೆ ತಕ್ಕ ಮೆಟ್ಟಿಲು ಕೊಟ್ಟರು. ಯಾವ ಕೊಳವಾದರೂ ತನ್ನ ಅನ್ನನೀರಿಗೆ ತಕ್ಕಷ್ಟು ಜೀವಗಳನ್ನು ಮಾತ್ರ ಸಾಕುತ್ತದೆ, ಅದಕ್ಕೆ ಧಾರಣ ಸಾಮರ್ಥ್ಯ ಎಂದು ಹೆಸರು, ಎಂದು ಟೀಚರಮ್ಮ ಹೇಳಿದಾಗ ಕೊಳಪ್ಪ ಬಹಳ ಹೊತ್ತು ಯೋಚಿಸಿ, "ಕಚೇರಿಗೆ ಅದು ಅನ್ವಯಿಸಲ್ಲ ಅನ್ಸತ್ತೆ ಕಣೇ" ಎಂದ.

ಕೊನೆಗೂ ಕಪ್ಪೆಗಳು ಬೇಕೆಂದು ಆಯುಕ್ತರೇ ಒಪ್ಪಿದರು. ಹಳೆಯ ಕಪ್ಪೆಗಳಲ್ಲ. ಅವು ಈಗಾಗಲೇ ಶಿಸ್ತುಕ್ರಮಕ್ಕೆ ಒಳಗಾಗಿದ್ದವು. ಹೊಸದಾಗಿ ಟೆಂಡರು ಕರೆಯಲಾಯಿತು. ಷರತ್ತು ಎರಡೇ. ಕಪ್ಪೆಗಳು ಬಣ್ಣ, ಗಾತ್ರ, ನಡತೆಯಲ್ಲಿ ಏಕರೂಪವಾಗಿರಬೇಕು. ಮತ್ತು ಕೂಗಬಾರದು.

ಗುತ್ತಿಗೆದಾರ ಬುದ್ಧಿವಂತ. ಕೂಗು ಬಾರದ ಒಂದು ಗಂಡು ಕಪ್ಪೆ ಅವನಿಗೆ ಎಲ್ಲಿಂದಲೋ ಸಿಕ್ಕಿತ್ತು. ಅದನ್ನೂ ಒಂದು ಹೆಣ್ಣನ್ನೂ ಒಂದೇ ಬಕೆಟ್ಟಿನಲ್ಲಿ ಕೂಡಿಹಾಕಿ, ಅವುಗಳ ಮಕ್ಕಳು ಮೊಮ್ಮಕ್ಕಳಿಂದಲೇ ಇಡೀ ಆರ್ಡರು ಪೂರೈಸಿದ. ಒಂದೇ ಅಚ್ಚಿನಲ್ಲಿ ತೆಗೆದಂಥ ಹಸಿರು ಕಪ್ಪೆಗಳು ದಂಡೆಯುದ್ದಕ್ಕೂ ಸಾಲಾಗಿ ಕೂತದ್ದನ್ನು ಕಂಡು ಆಯುಕ್ತರ ಕಣ್ಣು ತುಂಬಿತು. "ಸಿಬ್ಬಂದಿ ಅಂದ್ರೆ ಹೀಗಿರಬೇಕು" ಎಂದರು.

ಟೀಚರಮ್ಮ ಮಾತ್ರ ಅವನ್ನು ನೋಡಿ ಹಣೆ ಚಚ್ಚಿಕೊಂಡಳು. "ಇವುಗಳಲ್ಲಿ ಭಿನ್ನತೆಯೇ ಇಲ್ವಲ್ರೀ! ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರತ್ತೆ. ಹೋಗಿ ಹೇಳಿ."

ಕೊಳಪ್ಪ ಹೋಗಿ ಹೇಳಿದ. "ಭಿನ್ನಾಭಿಪ್ರಾಯ ಇಲ್ಲದೇ ಇರೋದು ದೋಷ ಅಂತ ನಾನು ಎಲ್ಲೂ ಓದಿಲ್ಲ" ಎಂದರು ಆಯುಕ್ತರು.

ಹೊಸ ಕಪ್ಪೆಗಳು ಮರಿ ಮಾಡಲೇ ಇಲ್ಲ. ಕೊಳಕ್ಕೆ ಬಿಟ್ಟ ಮೇಲೆ ಗಂಡು ಕೂಗಿ ಕರೆದರಲ್ಲವೇ ಹೆಣ್ಣು ಹುಡುಕಿಕೊಂಡು ಬರುವುದು. ಇವು ಟೆಂಡರಿನ ಷರತ್ತಿಗೆ ಬದ್ಧವಾಗಿ, ಅಕ್ಕಪಕ್ಕದಲ್ಲೇ ಕೂತರೂ ಪರಿಚಯವಿಲ್ಲದವರಂತೆ ಮುಖ ಆ ಕಡೆ ತಿರುಗಿಸಿಕೊಂಡಿದ್ದವು. ಆಮೇಲೆ ಒಂದರ ಚರ್ಮದ ಮೇಲೆ ಬಿಳಿ ಕಲೆ ಕಾಣಿಸಿತು. ಕೊಳಪ್ಪ ಮದ್ದು ಹುಡುಕಿ ತರುವಷ್ಟರಲ್ಲಿ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. "ಸರಬರಾಜಾದ ಕಪ್ಪೆಗಳು ಕಡೆಯವರೆಗೂ ಏಕರೂಪತೆಯನ್ನು ಕಾಪಾಡಿಕೊಂಡಿರುತ್ತವೆ" ಎಂದು ಗುತ್ತಿಗೆದಾರನಿಗೆ ತೃಪ್ತಿಕರ ಸೇವೆಯ ಪ್ರಮಾಣಪತ್ರ ನೀಡಲಾಯಿತು.

ಆ ವಾರ ಕೊಳಪ್ಪನ ಮಗಳಿಗೆ ಜ್ವರ ಬಂತು.

ಮೈ ಕೆಂಡವಾಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ಗಂಡ ಹೆಂಡತಿ ಆಸ್ಪತ್ರೆಗೆ ಓಡಿದರು. ಮಕ್ಕಳ ವಾರ್ಡಿನಲ್ಲಿ ಹಾಸಿಗೆ ಇರಲಿಲ್ಲ, ಕಿಟಕಿಯ ಕೆಳಗೆ ನೆಲದ ಮೇಲೆ ಜಾಗ ಸಿಕ್ಕಿತು. ಗೋಡೆಯ ಮೇಲೆ ಸೊಳ್ಳೆ ವಿಭಾಗದ ಮುಖ್ಯಸ್ಥ ನಗುತ್ತಿದ್ದ ಪೋಸ್ಟರು ಇತ್ತು. ಡಾಕ್ಟರಮ್ಮ ನಾಡಿ ನೋಡುತ್ತ, "ಕೊಳದ ಕಡೆಯವರಾ? ಈ ವಾರ್ಡಲ್ಲಿ ಇರೋರೆಲ್ಲ ಆ ಕಡೆಯವರೇ" ಎಂದರು. ಕೊಳಪ್ಪ ತಲೆ ತಗ್ಗಿಸಿದ. ಹೆಂಡತಿ ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಒದ್ದೆ ಬಟ್ಟೆ ಹಿಂಡಿ ಹಿಂಡಿ ಮಗಳ ಹಣೆಗೆ ಹಾಕುತ್ತಿದ್ದಳು. ಕಪ್ಪೆ ಹಿಡಿದು ಚೀಲಕ್ಕೆ ತುಂಬಿದ್ದ ತನ್ನ ಎರಡು ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಜ್ವರ ಇಳಿಯಿತು. ಮಗಳು ಮನೆಗೆ ಬಂದು, ಗೋಡೆ ಹಿಡಿದುಕೊಂಡು ನಡೆಯತೊಡಗಿದಳು. ಮುಂದಿನ ಭಾನುವಾರ ಬೆಳಿಗ್ಗೆ ಕೊಳಪ್ಪ ಅವಳನ್ನು ಪಕ್ಕದ ಮನೆಯ ಅಜ್ಜಿಯ ಹತ್ತಿರ ಬಿಟ್ಟು, ಬಲೆ ಎತ್ತಿಕೊಂಡು, ಸ್ಕೂಟರು ಹೊರಗೆ ತೆಗೆದ.

"ಎಲ್ಲಿಗೆ?" ಎಂದಳು ಟೀಚರಮ್ಮ.

"ವರ್ಗಾವಣೆ ರದ್ದು ಮಾಡೋಕೆ."

"ನಿಮ್ಮ ಸಾಹೇಬರು?"

"ವಿದೇಶದ ಸೊಳ್ಳೆ ನೋಡೋಕೆ ಪ್ರವಾಸ ಹೋಗಿದಾರೆ. ಬರೋದು ತಡ."

"ಬಂದ ಮೇಲೆ?"

"ಕ್ವಾರ್ಟರ್ಸ್ ಬಿಡಿಸಬಹುದು. ಬಿಡಿಸಲಿ."

ಅವಳು ಬಚ್ಚಲಿಂದ ಎರಡು ಬಕೆಟ್ಟು ತಂದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಕೂತಳು. ಕಲ್ಲುಗಣಿಯ ಹೊಂಡದಲ್ಲಿ ಹಳೆಯ ಕಪ್ಪೆಗಳು ಬಡವಾಗಿದ್ದರೂ ಬದುಕಿದ್ದವು. "ಒಂದೇ ಥರದವು ಆರಿಸಬೇಡಿ," ಎಂದು ಅವಳು ದಡದಿಂದ ಕೂಗಿ ಹೇಳಿದಳು. "ಕುಳ್ಳಗಿರೋದು, ಉದ್ದ ಕಾಲಿಂದು, ಹಳದಿ, ಮಣ್ಣಿನ ಬಣ್ಣದ್ದು, ಮುಖ ಗಂಟಿಕ್ಕಿಕೊಂಡಿರೋದು, ಎಲ್ಲಾ ಬೇಕು!" ವಾಪಸು ಬರುವಾಗ ಒದ್ದೆ ಬಟ್ಟೆ ಮುಚ್ಚಿದ ಬಕೆಟ್ಟು ಎರಡೂ ದಾರಿಯುದ್ದಕ್ಕೂ ಮಾತಾಡುತ್ತಿದ್ದವು. ಸಿಗ್ನಲ್ಲಿನಲ್ಲಿ ಪಕ್ಕ ನಿಂತ ಬಸ್ಸಿನವರೆಲ್ಲ ಬಗ್ಗಿ ನೋಡಿದರು. ಬಹಳ ದಿನಗಳ ಮೇಲೆ ಗಂಡ ಹೆಂಡತಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆಯುಕ್ತರು ಪ್ರವಾಸ ಮುಗಿಸಿ ಬರುವ ಹೊತ್ತಿಗೆ ಕೊಳದ ತುಂಬ ಗೊದಮೊಟ್ಟೆ, ದಂಡೆಯ ಮೇಲೆ ಕೊಕ್ಕರೆ. ಸೊಳ್ಳೆ ಒಂದಾದರೂ ಸಿಗಬೇಕೆಂದರೆ ಹುಡುಕಬೇಕಾಗಿತ್ತು. ಮರುದಿನ ಬೆಳಿಗ್ಗೆಯೇ ಕೊಳಪ್ಪನಿಗೆ ಆಯುಕ್ತರ ಕೋಣೆಯಿಂದ ಕರೆ ಬಂತು.

"ಕೊಳದಲ್ಲಿ ಮತ್ತೆ ಸದ್ದು. ಯಾರು ಕಾರಣ?"

"ನಾನೇ ಸಾರ್," ಎಂದ ಕೊಳಪ್ಪ. "ನಾನೇ ಹಿಡಿದು ತಂದೆ. ಮತ್ತೆ ಬಿಟ್ಟು ಬಾ ಅಂದ್ರೆ ಹೋಗಲ್ಲ."

ಆಯುಕ್ತರು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಭಾವಮೈದುನ, ಅವನ ಹಿಂದೆ ಕಾರಿಡಾರಿನವರು, ಅವರ ಹಿಂದೆ ಮೆಟ್ಟಿಲಿನವರು ನುಗ್ಗಿದರು.

"ಭಾವಾ, ಸೊಳ್ಳೆಗಳು ಹೋಗ್ಬಿಟ್ಟಿವೆ! ಇವರನ್ನೆಲ್ಲ ಏನು ಮಾಡ್ಲಿ? ಇವರಿಗೂ ಹೆಂಡತಿ ಮಕ್ಕಳಿಲ್ವಾ?"

ವಿಷಯ ಗಂಭೀರವಾಗಿತ್ತು. ತಜ್ಞರ ಅಭಿಪ್ರಾಯ ಪಡೆಯಲು ಟೀಚರಮ್ಮನನ್ನು ಶಾಲೆಯಿಂದ ಕರೆಸಲಾಯಿತು. ಕಪ್ಪೆಗೂ ಸೊಳ್ಳೆಗೂ ಇರುವ ಸಂಬಂಧವೇನು ಎಂದು ಕೇಳಿದರು. "ಬೇಟೆ" ಎಂದಳು. ಕೊಕ್ಕರೆಗೂ ಕಪ್ಪೆಗೂ? "ಅದೂ ಬೇಟೆಯೇ." ಸೊಳ್ಳೆಗೂ ಸೊಳ್ಳೆ ವಿಭಾಗಕ್ಕೂ?

"ಒಂದು ಇನ್ನೊಂದರ ಮೇಲೆ ಕೂತು ತಿಂದರೆ ಅದು ಪರಾವಲಂಬನ," ಎಂದಳು ಟೀಚರಮ್ಮ.

ಭಾವಮೈದುನ ಎದ್ದು ನಿಂತು ತೀವ್ರ ಆಕ್ಷೇಪ ವ್ಯಕ್ತಪಡಿಸಿದ. ಆ ಪದದಿಂದ ಸಿಬ್ಬಂದಿಯ ಮನಃಸ್ಥೈರ್ಯ ಕುಸಿಯುತ್ತದೆ ಎಂದ. ಆ ಮೊದಲ ಹೊಗೆಯೊಂದನ್ನು ಬಿಟ್ಟರೆ ವಿಭಾಗದಿಂದ ಸೊಳ್ಳೆಗಳಿಗೆ ಎಂದೂ ಯಾವ ತೊಂದರೆಯೂ ಆಗಿಲ್ಲ, ದಾಖಲೆ ತೆಗೆದು ನೋಡಬಹುದು ಎಂದ. ನೋಡಿದರು. ನಿಜವಾಗಿತ್ತು. ಆದ್ದರಿಂದ ಆ ಸಂಬಂಧವನ್ನು ಇಬ್ಬರಿಗೂ ಲಾಭವಿರುವ ಸಹಜೀವನವೆಂದು ಘೋಷಿಸಿ, ಆಯುಕ್ತರು ಯಾರ ಮನಸ್ಸೂ ನೋಯದಂಥ ಆದೇಶ ಹೊರಡಿಸಿದರು.

ಕೊಳದ ನಟ್ಟನಡುವೆ ಎತ್ತರದ ಬಲೆ ಕಟ್ಟತಕ್ಕದ್ದು. ಒಂದು ಕಡೆ ಕಪ್ಪೆಗಳಿರತಕ್ಕದ್ದು. ಅವುಗಳನ್ನು ಸೊಳ್ಳೆ ವಿಭಾಗದ ಹಂಗಾಮಿ ನೌಕರರೆಂದು ಪರಿಗಣಿಸಲಾಗುವುದು. ಕೂಗುವುದನ್ನು ಕರ್ತವ್ಯನಿರತರಾಗಿರುವುದರ ಸೂಚನೆಯೆಂದು ತಿಳಿಯತಕ್ಕದ್ದು. ಇನ್ನೊಂದು ಕಡೆ ಸೊಳ್ಳೆ ಸಂರಕ್ಷಿತ ವಲಯವಾಗಿದ್ದು, ವಿಭಾಗಕ್ಕೆ ಕೆಲಸದ ಕೊರತೆ ಉಂಟಾಗದಂತೆ ಅಲ್ಲಿ ಸೊಳ್ಳೆಗಳನ್ನು ಪೋಷಿಸತಕ್ಕದ್ದು. ಬಲೆ ದಾಟುವ ಸೊಳ್ಳೆಗಳ ಪ್ರಾಣಕ್ಕೆ ನಗರಸಭೆ ಹೊಣೆಯಲ್ಲ. ಬಲೆಯ ಉಸ್ತುವಾರಿ ಕೊಳಪ್ಪನದು.

ಕೊಳಪ್ಪನ ಕ್ವಾರ್ಟರ್ಸು ಕಪ್ಪೆಗಳ ಕಡೆಗೆ ಬಿತ್ತು. ಆಯುಕ್ತರ ಬಂಗಲೆಯೂ ಅದೇ ಕಡೆಗೆ ಬಿತ್ತು. ಆಚೆ ದಂಡೆಯವರು ಮೊದಲು ಗೊಣಗಿದರು. ಆಮೇಲೆ ಅವರಿಗೆ 'ವಲಯದ ನಿವಾಸಿಗಳು' ಎಂಬ ಹೆಸರಿನಲ್ಲಿ ಬ್ಯಾಡ್ಜು, ಆಸ್ಪತ್ರೆಯಲ್ಲಿ ಬೇರೆಯೇ ಸಾಲು ಸಿಕ್ಕಿತು. ಈ ಕಡೆಯವರು ತಮಗೇಕೆ ಬ್ಯಾಡ್ಜು ಇಲ್ಲವೆಂದು ಮನವಿ ಸಲ್ಲಿಸಿದರು. ಬೇರೆ ಊರುಗಳ ಅಧಿಕಾರಿಗಳು ಬಸ್ಸು ಮಾಡಿಕೊಂಡು ಬಂದು ಬಲೆಯನ್ನು ಮುಟ್ಟಿ ಮುಟ್ಟಿ ನೋಡಿ ಹೋದರು.

ಆ ವರ್ಷದ ಪರೀಕ್ಷೆ ಮುಗಿದ ಮೇಲೆ ಟೀಚರಮ್ಮ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ಕೂತಿದ್ದಳು. ಕೊಳಪ್ಪ ಪಕ್ಕದಲ್ಲಿ ಬಲೆಯ ಹರಿದ ತುಂಡಿಗೆ ದಾರ ಹಾಕುತ್ತಿದ್ದ.

"ಸಹಜೀವನಕ್ಕೆ ಉದಾಹರಣೆ ಕೊಡಿ ಅಂತ ಕೇಳಿದ್ದೆ," ಎಂದಳು. "ಎಲ್ಲಾ ಹುಡುಗಿಯರೂ 'ಸೊಳ್ಳೆ ಮತ್ತು ಸೊಳ್ಳೆ ವಿಭಾಗ' ಅಂತ ಬರೆದಿದಾರೆ. ಹೇಗೆ ತಪ್ಪು ಅನ್ನಲಿ? ಸರ್ಕಾರಿ ಆದೇಶವೇ ಇದೆ."

"ಎಲ್ಲರೂನಾ?"

"ಒಬ್ಬಳು ಮಾತ್ರ 'ಜೇನುಹುಳ ಮತ್ತು ಹೂವು' ಅಂತ ಬರೆದಿದಾಳೆ."

ಅವಳು ಆ ಪತ್ರಿಕೆಯನ್ನು ಕಟ್ಟಿನಿಂದ ಹೊರಗೆಳೆದಳು. ಆಮೇಲೆ ಕೆಂಪು ಪೆನ್ನು ತೆಗೆದು, ಅರ್ಧ ಅಂಕ ಕಳೆದು, ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಳು: "ನಮ್ಮ ಊರಿನ ಉದಾಹರಣೆ ಕೊಡುವುದನ್ನು ರೂಢಿಸಿಕೊಳ್ಳಬೇಕು."