ಸೂರತ್ತಿನಲ್ಲಿ ಎಲ್ಲರೂ ಬೇಡ ಅಂದ ಐಸ್‌ಕ್ರೀಮು

ನಮ್ಮ ಮನೆಯಲ್ಲಿ ಯಾವ ಶುಭಕಾರ್ಯವೂ ನೆಟ್ಟಗೆ ನಡೆದ ಇತಿಹಾಸವಿಲ್ಲ. ಗುಜರಾತಿಗೆ ಬಂದ ಮೇಲೆ ಅದು ಕೆಡುವ ಜಾಗವೂ ಗೊತ್ತಾಗಿಬಿಟ್ಟಿದೆ: ಐಸ್‌ಕ್ರೀಮ್ ಅಂಗಡಿ. ನನ್ನ ತಮ್ಮನಿಗೆ ಹೆಣ್ಣು ಹುಡುಕುವುದೇ ಸದ್ಯದ ಶುಭಕಾರ್ಯ. ಅವನಿಗೆ ವಯಸ್ಸು ಏರುತ್ತಿದೆ, ಅಮ್ಮನಿಗೆ ನಿದ್ದೆಯಿಲ್ಲ, ಹಾಗಾಗಿ ನನಗೂ ಇಲ್ಲ.

ಅಹಮದಾಬಾದ್

ಬೋಡಕ್‌ದೇವ್‌ನ ನಮ್ಮ ಫ್ಲ್ಯಾಟಿಗೆ ಬರಲು ಮೊದಲ ಹುಡುಗಿಯ ಕಡೆಯವರಿಗೆ ಸಂಕೋಚ. ಹಳೇ ಊರಿನ ಒಂದು ಐಸ್‌ಕ್ರೀಮ್ ಪಾರ್ಲರಿನಲ್ಲಿ ಸೇರೋಣ ಎಂದಾಯಿತು. ಕಲ್ಲಿನ ಮೇಜು, ಮರದ ಕುರ್ಚಿ, ಖಾಲಿ ಜಾಗ ಕಂಡಲ್ಲಿ ಅಪರಿಚಿತರೂ ಬಂದು ಕೂರುವ ಪದ್ಧತಿ. ನಾನು ಮತ್ತು ತಮ್ಮ ಕಾರು ನಿಲ್ಲಿಸಿ ಬರುವಷ್ಟರಲ್ಲಿ ಅಮ್ಮ ಒಳಗೆ ಹೋಗಿ ಒಬ್ಬಳ ಸಂದರ್ಶನ ಶುರು ಮಾಡಿಯಾಗಿತ್ತು. ನೋಡಬೇಕಾದ ಹುಡುಗಿ ಇಲ್ಲೇ ಬೆಳೆದವಳು, ಕನ್ನಡ ಅಷ್ಟಕ್ಕಷ್ಟೆ ಎಂದು ಮೊದಲೇ ಹೇಳಿದ್ದರಿಂದ, ಇವಳ ಗುಜರಾತಿ ಕೇಳಿ ಅಮ್ಮನಿಗೆ ಅನುಮಾನವೇ ಬಂದಿರಲಿಲ್ಲ.

ತನ್ನ ಹರುಕು ಹಿಂದಿಯಲ್ಲಿ ಅಮ್ಮ ಅಡುಗೆ ಬರುತ್ತಾ ಎಂದು ಕೇಳಿದಳು. ಹುಡುಗಿ ತಲೆಯಾಡಿಸಿದಳು. ಅತ್ತೆ ಜೊತೆ ಹೊಂದಿಕೊಂಡು ಇರ್ತೀಯಾ ಎಂದು ಕೇಳಿದಳು.

“ಇದೀನಲ್ಲ ಆಂಟಿ, ಮದುವೆ ಆದಾಗಿಂದ!” ಎಂದಳು ಆಕೆ. ಹಿಂದೆ ಅವಳ ಗಂಡ ಎರಡು ಕಪ್ ಹಿಡಿದು ನಿಂತಿದ್ದ.

ನಾವು ನೋಡಬೇಕಾಗಿದ್ದ ಹುಡುಗಿಯ ಮನೆಯವರು ಪಕ್ಕದ ಮೇಜಿನಿಂದ ಎಲ್ಲವನ್ನೂ ನೋಡಿ ಎದ್ದುಹೋದರು.

ವಡೋದರಾ

ಎರಡನೇ ಹುಡುಗಿ ಸೂರತ್ತಿನವಳು. ಇದೂ ತಪ್ಪಿದರೆ ಇನ್ನು ಮದುವೆಯ ಮಾತೇ ಬೇಡ ಎಂದು ತಮ್ಮ ಖಡಾಖಂಡಿತವಾಗಿ ಹೇಳಿದ್ದ. ಅಮ್ಮ ಗಾಬರಿಯಾಗಿ, ಹೊರಡುವ ದಿನ ಏಕಾದಶಿಯೆಂದು ಕಟ್ಟುನಿಟ್ಟಿನ ಉಪವಾಸ ಹಿಡಿದಳು. ಸೂರತ್ತಿನ ದಾರಿಯಲ್ಲಿ ವಡೋದರಾ ಮುಟ್ಟುವಾಗ ಅವಳ ಮುಖ ಬಿಳಿಚಿಕೊಂಡಿತ್ತು. ಬೀಗರ ಮುಂದೆ ತಲೆತಿರುಗಿ ಬಿದ್ದರೆ ಗತಿಯೇನೆಂದು ಹೆದರಿ, ಮಾಂಜಲ್‌ಪುರದ ಹಳೇ ಐಸ್‌ಕ್ರೀಮ್ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿದೆ, ನೀರಾದರೂ ಕುಡಿಯಲಿ ಎಂದು.

ಅಂಗಡಿಯ ಅಜ್ಜ ಅಮ್ಮನ ಮುಂದೆ ಒಂದು ಬಟ್ಟಲು ಇಟ್ಟ. “ಇದು ಉಪವಾಸದ್ದೇ ಬೆನ್, ಬರೀ ಹಾಲು, ಸಕ್ಕರೆ, ಹಣ್ಣು. ಇವತ್ತು ಊರೆಲ್ಲಾ ಇದನ್ನೇ ತಿನ್ನುತ್ತೆ.”

ಅಮ್ಮ ಅನುಮಾನದಿಂದಲೇ ಮುಗಿಸಿದಳು. ಇನ್ನೊಂದು ಬಟ್ಟಲು ಬಂತು. ಮತ್ತೊಂದೂ ಬಂತು. ಕಾರಿನಲ್ಲಿ ಕೂತು ತೇಗಿ, ಕಣ್ಣೀರು ತುಂಬಿಕೊಂಡು ಅಂದಳು: “ಇಷ್ಟು ವರ್ಷ ಅವಲಕ್ಕಿ ತಿಂದು ಏಕಾದಶಿ ಕಳೆದೆನಲ್ಲೇ!”

ಸೂರತ್

ಮನೆಯಲ್ಲಾದರೆ ಇಡೀ ಬಿಲ್ಡಿಂಗಿಗೆ ಸುದ್ದಿಯಾಗುತ್ತದೆಂದು ಹುಡುಗಿಯ ತಂದೆ ಕತಾರ್‌ಗಾಮ್‌ನ ಹಳೇ ಪಾರ್ಲರಿಗೆ ಕರೆದಿದ್ದರು. ಮತ್ತೆ ಐಸ್‌ಕ್ರೀಮ್ ಅಂಗಡಿ.

ಹುಡುಗಿಯೇ ವಿಚಾರಿಸಿದಳು, ಯಾರಿಗೆ ಯಾವ ಐಸ್‌ಕ್ರೀಮ್ ಎಂದು. ಅಮ್ಮನಿಗೆ ಹೊಟ್ಟೆ ಬಿರಿಯುತ್ತಿತ್ತು, ಬೇಡ ಅಂದಳು. ನನಗೆ ಗಂಟಲು ಕೆಟ್ಟಿತ್ತು, ಬೇಡ ಅಂದೆ. ತಮ್ಮನಿಗೆ ಬಾಯಲ್ಲಿ ನೀರೂರುತ್ತಿತ್ತು. ಮರ್ಯಾದೆಗೆ ಬೇಡ ಅಂದ. ಸೂರತ್ತಿನಲ್ಲೇ ಹುಟ್ಟಿದ ಹುಡುಗಿ, ಬೇಡ ಅಂದರೆ ಬೇಡ ಎಂದುಕೊಂಡು ತನಗೂ ಅಪ್ಪನಿಗೂ ಮಾತ್ರ ತರಿಸಿದಳು.

ತಂದೆ ನಮ್ಮ ಮೂವರ ಮುಖ ನೋಡಿದರು. ಚಮಚ ಕೆಳಗಿಟ್ಟರು. “ತಪ್ಪು ತಿಳ್ಕೋಬೇಡಿ, ನೇರವಾಗಿ ಕೇಳ್ತೀನಿ. ನಿಮ್ಮ ಮನೇಲಿ ಎಲ್ಲರಿಗೂ ಶುಗರ್ರಾ?”

“ಅಯ್ಯೋ, ಬಿಡ್ತು ಅನ್ನಿ!” ಅಮ್ಮ ಕುರ್ಚಿಯಿಂದ ಅರ್ಧ ಎದ್ದಳು. “ನಮ್ಮ ಕಡೆ ಹಾಗೇ ಅಲ್ವೇ? ಕೊಟ್ಟ ತಕ್ಷಣ ತಗೊಂಡ್ರೆ ಆಸೆಬುರುಕ ಅಂತಾರೆ. ಎರಡು ಸಲ ಬೇಡ ಅನ್ಬೇಕು, ಮೂರನೇ ಸಲ ಒಪ್ಕೋಬೇಕು.”

“ಫಸ್ಟ್ ಟೈಮೇ ಯಾಕೆ ಹೇಳಲ್ಲ?” ಹುಡುಗಿ ಕೇಳಿದಳು.

ಶುಗರ್ ಇಲ್ಲವೆಂದು ಸಾಬೀತು ಮಾಡಲು ತಮ್ಮ ದೊಡ್ಡ ಕಪ್ ತರಿಸಿ ತಿನ್ನತೊಡಗಿದ. ತಂದೆಗೆ ಸಮಾಧಾನವಾಯಿತು. ಹುಡುಗಿ ಒಪ್ಪಿಗೆಯೇನಪ್ಪಾ ಎಂದು ಅವನನ್ನು ಕೇಳಿದರು. ಅವನು ಬಾಯಿತುಂಬ ಐಸ್‌ಕ್ರೀಮ್ ಇಟ್ಟುಕೊಂಡೇ ಹೂಂ ಅಂದ.

“ನಿಂಗೆ, ಬೇಟಾ?”

“ಬೇಡ,” ಅಂದಳು.

ತಮ್ಮನ ಚಮಚ ಬಾಯಲ್ಲೇ ನಿಂತಿತು. ತಂದೆಯ ಮುಖ ಕಪ್ಪಿಟ್ಟಿತು. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. “ಯಾಕಮ್ಮಾ, ನಮ್ಮ ಹುಡುಗ ಬೇಡ್ವಾ?”

“ಬೇಡ.”

ಹುಡುಗಿ ನಿಧಾನವಾಗಿ ಚಮಚ ನೆಕ್ಕಿ, ಅಮ್ಮನ ಕಡೆ ತಿರುಗಿದಳು.

“ಎರಡು ಸಲ ಆಯ್ತಲ್ಲ ಆಂಟಿ, ಇನ್ನೊಂದ್ಸಲ ಕೇಳಿ.”